ಬಾಟಲಕ್ಕ ತೊಳೆದ ಇಪ್ಪತ್ತು ಬಾಟಲಿ

ಬೆಳಗಿನ ಐದೂಮುಕ್ಕಾಲು. ವಿಶ್ವವಿದ್ಯಾಲಯದ ಪರಿಸರ ಮತ್ತು ಸಂಪನ್ಮೂಲ ವಿಜ್ಞಾನ ವಿಭಾಗದ ಹಿಂಬದಿಯ ತೊಳೆಯುವ ಕೋಣೆಯಲ್ಲಿ ದೀಪ ಉರಿಯುತ್ತಿದೆ. ಕಲ್ಲಿನ ತೊಟ್ಟಿಯ ಮುಂದೆ ನಿಂತ ಹೆಂಗಸೊಬ್ಬರು ಗಾಜಿನ ಬಾಟಲಿಗೆ ಒಂದು ಚಿಟಿಕೆ ಬಟ್ಟೆ ಒಗೆಯುವ ಪುಡಿ ಹಾಕುತ್ತಾರೆ, ಉದ್ದನೆಯ ಬ್ರಷ್ಷು ತೂರಿಸಿ ಗರಗರ ತಿರುಗಿಸುತ್ತಾರೆ. ಅವರ ತಲೆಯ ಮೇಲಿನ ಗೋಡೆಯಲ್ಲಿ ಕೆಂಪಕ್ಷರದ ಚೀಟಿ: 'ಬಾಟಲಿಗೆ ಬಟ್ಟೆ ಪುಡಿ ಬಳಸಬಾರದು.' ಆ ಚೀಟಿ ಬರೆದು ಅಂಟಿಸಿದವರೂ ಅವರೇ.

ನನಗೆ ತಲೆಬುಡ ತಿಳಿಯುವುದಿಲ್ಲ. ಭಾನುವಾರದ ಪತ್ರಿಕೆಗೆಂದು ಎಲೆಮರೆಯ ಕಾಯಿಯೊಂದನ್ನು ಹುಡುಕಿಕೊಂಡು ಬಾ ಎಂದು ಸಂಪಾದಕರು ಅಟ್ಟಿದ್ದರು. ಇಪ್ಪತ್ಮೂರು ವರ್ಷ ಬಾಟಲಿ ತೊಳೆದು, ಈಗ ಅದೇ ವಿಭಾಗದಲ್ಲಿ ಪದವಿ ಓದುತ್ತಿರುವವರಿದ್ದಾರೆ ಎಂದು ಕೇಳಿ ಬಂದೆ. ಬಂದ ಐದೇ ನಿಮಿಷದಲ್ಲಿ ಅವರು ತಾವೇ ಬರೆದ ನಿಯಮ ಮುರಿಯುತ್ತಿದ್ದಾರೆ. ಯಾಕೆ ಎಂದು ಕೇಳಿದರೆ, "ಇವತ್ತು ತಪ್ಪಾಗೇ ತೊಳೀಬೇಕು. ಸರಿಯಾಗಿ ತೊಳೆದ್ರೆ ಎಲ್ಲ ಕೆಟ್ಟುಹೋಗುತ್ತೆ" ಎನ್ನುತ್ತಾರೆ. ನಾನು ಪೆನ್ನು ಹಿಡಿದು ಕಣ್ಣು ಕಣ್ಣು ಬಿಡುತ್ತೇನೆ.

ಹುಡುಗ ಹುಡುಗಿಯರೆಲ್ಲ ಇವರನ್ನು ಕರೆಯುವುದು ಬಾಟಲಕ್ಕ ಎಂದು. ವಯಸ್ಸು ನಲವತ್ತೇಳು. ದಿನಕ್ಕೆ ನೂರ ಅರವತ್ತು ಬಾಟಲಿ, ನಲವತ್ತು ಫ್ಲಾಸ್ಕು ಇವರ ಕೈ ದಾಟುತ್ತವೆ. ಒಂದೊಂದಕ್ಕೂ ಮೂರು ಸಲ ನಲ್ಲಿ ನೀರು, ಎರಡು ಸಲ ಭಟ್ಟಿ ಇಳಿಸಿದ ನೀರು. ಏಳು ಗಂಟೆಗೆ ಕೆರೆಗೆ ಹೊರಡುವ ವ್ಯಾನಿನಲ್ಲಿ ಬಾಟಲಿಗಳು ಒಣಗಿ ಕೂತಿರಬೇಕು. ಚಳಿಗಾಲದಲ್ಲಿ ಬೆರಳ ಸಂದು ಬಿರಿದು ರಕ್ತ ಬರುತ್ತದೆ. "ಕೈಗವಸು ಕೊಡ್ತಾರೆ. ಹಾಕ್ಕೊಂಡ್ರೆ ಬಾಟಲಿ ಜಿಡ್ಡಾಗಿದ್ಯೋ ಇಲ್ವೋ ಗೊತ್ತಾಗಲ್ಲ. ಬರಿಗೈಗೇ ಅದು ತಿಳಿಯೋದು" ಎಂದು ಬೆರಳು ಉಜ್ಜಿ ತೋರಿಸುತ್ತಾರೆ.

ನೌಕರರು ಶುಲ್ಕವಿಲ್ಲದೆ ಓದಬಹುದು ಎಂಬ ಸುತ್ತೋಲೆ ಎರಡು ವರ್ಷದ ಹಿಂದೆ ಬಂತು. ಇವರು ಅರ್ಜಿ ಹಾಕಿದಾಗ ಗುಮಾಸ್ತರು ಮಗಳಿಗೆ ಎಂದುಕೊಂಡು ಮಗಳ ವಯಸ್ಸು ಕೇಳಿದರಂತೆ. ಹನ್ನೊಂದು ಗಂಟೆಗೆ ಬಾಟಲಕ್ಕ ಒದ್ದೆ ಸೆರಗು ಹಿಂಡಿ ಮೂರನೇ ಬೆಂಚಿನಲ್ಲಿ ಕೂರುತ್ತಾರೆ. ಎರಡಕ್ಕೆ ಪ್ರಯೋಗಶಾಲೆ. ನಾಲ್ಕಕ್ಕೆ ತಾವೇ ಎಂಜಲು ಮಾಡಿದ ಫ್ಲಾಸ್ಕನ್ನು ತಾವೇ ತೊಳೆಯುತ್ತಾರೆ. ವಿಭಾಗದ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ಬರೀ ಮೇಡಂ, ತರಗತಿಯಲ್ಲಿ ಇವರನ್ನು ಹಾಜರಿ ಸಂಖ್ಯೆಯಿಂದ ಕರೆಯುತ್ತಾರೆ, ಕಾರಿಡಾರಿನಲ್ಲಿ ಅಕ್ಕ ಎನ್ನುತ್ತಾರೆ. ಯಾವಾಗ ಹೇಗೆ ಕರೆಯಬೇಕು, ಯಾವುದಕ್ಕೆ ಓಗೊಡಬೇಕು ಎಂಬುದು ಇಬ್ಬರಿಗೂ ಇನ್ನೂ ಸರಿಯಾಗಿ ರೂಢಿಯಾಗಿಲ್ಲ.

"ಇಷ್ಟು ವರ್ಷ ನೀರು ಅಂತಿದ್ದೆ. ಈಗ ಸಂಪನ್ಮೂಲ ಅಂತ ಬರೀಬೇಕು. ಮನೇಲಿ ಮಗಳು ರೇಗಿಸ್ತಾಳೆ, ಅಮ್ಮಾ, ಬಾಯಾರಿದೆ, ಒಂದು ಲೋಟ ಸಂಪನ್ಮೂಲ ಕೊಡು ಅಂತ." ನಗು ಬಂದಷ್ಟೇ ಬೇಗ ಮಾಯವಾಗುತ್ತದೆ. ಯಾಕೆಂದರೆ ಕೈಯಲ್ಲಿರುವುದು ಹದಿನಾಲ್ಕನೇ ಬಾಟಲಿ. ಇನ್ನೂ ಆರು ಬಾಕಿ ಇವೆ.

ಗೊಂದಲ ಶುರುವಾದದ್ದು ಐದು ವಾರದ ಹಿಂದಿನ ಒಂದು ಪಾಠದಲ್ಲಿ. ಕೆರೆಯಲ್ಲಿ ಫಾಸ್ಫೇಟ್ ಹೆಚ್ಚಾದರೆ ಪಾಚಿ ಬೆಳೆದು ಮೀನು ಸಾಯುತ್ತವೆ. ಅದನ್ನು ಅಳೆಯುವ ಬಾಟಲಿಯನ್ನು ಎಂದೂ ಬಟ್ಟೆ ಪುಡಿಯಲ್ಲಿ ತೊಳೆಯಬಾರದು, ಪುಡಿಯಲ್ಲೇ ಫಾಸ್ಫೇಟ್ ಇರಬಹುದು ಎಂದು ಮೇಡಂ ಹೇಳಿದರು. "ಎಲ್ಲರೂ ಬರ್ಕೊಂಡ್ರು. ನಾನು ಪೆನ್ನು ಕೆಳಗಿಟ್ಟೆ." ಹಿಂದೊಮ್ಮೆ ನಾಲ್ಕು ವರ್ಷ ಉಗ್ರಾಣದಿಂದ ಬಾಟಲಿ ತೊಳೆಯುವ ದ್ರಾವಣ ಸರಿಯಾಗಿ ಬರುತ್ತಿರಲಿಲ್ಲ. ಆಗ ಬಾಟಲಕ್ಕ ಮನೆಯಿಂದ ಬಟ್ಟೆ ಪುಡಿ ತಂದು ತೊಳೆದಿದ್ದರು. ಯಾರೂ ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. "ಮಕ್ಕಳ ಕೈಗೆ ಜಿಡ್ಡು ಬಾಟಲಿ ಕೊಡೋಕೆ ಮನಸ್ಸು ಬರ್ಲಿಲ್ಲ. ದಿನಾ ಹಾಕ್ತಿರಲಿಲ್ಲ. ಯಾವತ್ತು ಹಾಕಿದೆ, ಯಾವ ಬಾಟಲಿಗೆ ಹಾಕಿದೆ, ಎಷ್ಟು ನೆನೆಸ್ಕೊಂಡ್ರೂ ಹೊಳೀತಿಲ್ಲ."

ವಿಭಾಗದ ಕಾರಿಡಾರಿನಲ್ಲಿ ಕೆರೆಯ ಫಾಸ್ಫೇಟಿನ ಏರಿಳಿತದ ದೊಡ್ಡ ರೇಖಾನಕ್ಷೆ ತೂಗುಹಾಕಿದ್ದಾರೆ. ಇಪ್ಪತ್ತು ವರ್ಷದ ಗೆರೆ ಬಹುಪಾಲು ತಗ್ಗಾಗಿಯೇ ಸಾಗುತ್ತದೆ, ನಡುವೆ ನಾಲ್ಕು ವರ್ಷ ಒಂಟೆಯ ಬೆನ್ನಿನಂತೆ ಉಬ್ಬಿದೆ. ಅದೇ ನಾಲ್ಕು ವರ್ಷ. ಕೆರೆಯ ಅಂಚಿನ ಕಟ್ಟೆಯಲ್ಲಿ ಹೋಟೆಲುಗಳ ಹಾಸು ಹೊದಿಕೆ ಒಗೆಯುತ್ತಿದ್ದ ಹನ್ನೊಂದು ಹೆಂಗಸರ ಸೋಪೇ ಆ ಉಬ್ಬಿಗೆ ಕಾರಣ ಎಂದು ಆಗ ತೀರ್ಮಾನವಾಯಿತು. ನಗರಾಡಳಿತ ಕಟ್ಟೆಗೆ ಬೇಲಿ ಹಾಕಿ, 'ಇಲ್ಲಿ ಬಟ್ಟೆ ಒಗೆದು ಕೆರೆ ಕೆಡಿಸಬೇಡಿ' ಎಂದು ಬೋರ್ಡು ನೆಟ್ಟಿತು. ಉಬ್ಬು ಇಳಿಯಿತು. ಆದರೆ ಬೇಲಿ ಬಿದ್ದ ವರ್ಷವೇ ಉಗ್ರಾಣಕ್ಕೆ ದ್ರಾವಣವೂ ಬಂತು, ಬಾಟಲಕ್ಕ ಪುಡಿ ಬಿಟ್ಟರು. ಉಬ್ಬು ಇಳಿದದ್ದು ಯಾವುದರಿಂದ? ನಾನು ನಕ್ಷೆಯ ಮುಂದೆ ಹೋಗಿ ನಿಂತು ನೋಡಿದೆ. ಎರಡೂ ಸರಿ ಅನ್ನಿಸಿತು, ಎರಡೂ ತಪ್ಪು ಅನ್ನಿಸಿತು.

ಬೇಲಿಯಿಂದ ಕೆಲಸ ಕಳೆದುಕೊಂಡ ಹನ್ನೊಂದು ಮಂದಿಯಲ್ಲಿ ಒಬ್ಬರು ಬಾಟಲಕ್ಕನ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ಎರಡೂ ಸಂಸಾರಗಳ ನಡುವೆ ಒಂದೇ ಗೋಡೆ, ಅಂಗಳದಲ್ಲಿ ಒಂದೇ ನಲ್ಲಿ. ಓರಗಿತ್ತಿ ಈಗ ಎರಡು ಬಸ್ಸು ಬದಲಿಸಿ ಊರಾಚೆಯ ಲಾಂಡ್ರಿಗೆ ಹೋಗುತ್ತಾರೆ. ಅಲ್ಲಿಯ ಬಿಸಿ ಹಬೆಗೆ ಕೆಮ್ಮು ಹಿಡಿದಿದೆ. ಐದು ವಾರ ಬಾಟಲಕ್ಕ ಪ್ರತಿ ಬೆಳಗ್ಗೆ ಅವರ ಕೊಡ ತುಂಬುವುದನ್ನು ನೋಡಿದ್ದಾರೆ, ಬಾಯಿ ಬಿಟ್ಟಿಲ್ಲ.

ಮೇಡಂಗೆ ಮಾತ್ರ ಮೂರನೇ ದಿನವೇ ಹೇಳಿದರು. ಬಾಗಿಲು ಹಾಕಿಕೊಂಡು ಹೇಳಿದರು. ಕೆಲಸ ಹೋಗುತ್ತದೆ ಎಂದೇ ಅಂದುಕೊಂಡಿದ್ದರು. "ನನ್ನ ಹೆಸರಿನ ಹಿಂದಿನ ಡಾಕ್ಟರ್ ಬಂದಿದ್ದೇ ಆ ಉಬ್ಬಿನ ಮೇಲೆ ಬರೆದ ಪ್ರಬಂಧದಿಂದ" ಎಂದು ಮೇಡಂ ನನಗೂ ಮುಚ್ಚಿಡದೆ ಹೇಳುತ್ತಾರೆ. "ಅಕ್ಕ ಸುಮ್ಮನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಒಂದು ಕ್ಷಣ, ಸುಮ್ಮನಿದ್ದಿದ್ರೆ ಚೆನ್ನಾಗಿತ್ತು ಅಂತಲೂ ಅನ್ನಿಸ್ತು. ಆಮೇಲೆ, ಇದನ್ನೇ ನಿಮ್ಮ ಪ್ರಾಜೆಕ್ಟ್ ಮಾಡಿ ಅಂದೆ."

ಆ ಪ್ರಾಜೆಕ್ಟೇ ಇವತ್ತಿನ ಇಪ್ಪತ್ತು ಬಾಟಲಿ. ಆ ಕಾಲದ ಪುಡಿ ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಮನೆಯ ಬಚ್ಚಲಿನ ಗೂಡಿನಲ್ಲಿ ಅರ್ಧ ಪೊಟ್ಟಣ ಕಲ್ಲಾಗಿ ಕೂತಿತ್ತು. ಅದನ್ನು ಕುಟ್ಟಿ ತಂದು, ಆಗ ತೊಳೆಯುತ್ತಿದ್ದಂತೆಯೇ ಇಪ್ಪತ್ತನ್ನು ತೊಳೆದಿದ್ದಾರೆ. ಹೋಲಿಕೆಗೆಂದು ಇನ್ನು ಹತ್ತನ್ನು ಪುಡಿಯಿಲ್ಲದೆ ತೊಳೆದಿದ್ದಾರೆ. ಎಲ್ಲಕ್ಕೂ ಭಟ್ಟಿ ನೀರು ತುಂಬಿಸಿ, ಮಧ್ಯಾಹ್ನ ಔಷಧ ಬೆರೆಸಬೇಕು. ಫಾಸ್ಫೇಟ್ ಉಳಿದಿದ್ದರೆ ನೀರು ನೀಲಿಯಾಗುತ್ತದೆ. ಇಲ್ಲದಿದ್ದರೆ ಹಾಗೇ ಇರುತ್ತದೆ.

"ಏನಾಗಲಿ ಅಂತ ಬೇಡ್ಕೊಳ್ತೀರಿ?" ಎಂದೆ. ಕೇಳಬಾರದಿತ್ತೇನೋ. ಬಾಟಲಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತಲೇ ಇದ್ದರು. "ನೀಲಿಯಾದ್ರೆ ನಮ್ಮ ಓರಗಿತ್ತಿ ಅಕ್ಕನ ಮೇಲಿನ ಕಳಂಕ ಹೋಗುತ್ತೆ, ನನ್ನ ತಲೆ ಮೇಲೆ ಬರುತ್ತೆ. ಆಗದಿದ್ರೆ ನಾನು ಬಚಾವು, ಅಕ್ಕ ಹಾಗೇ ಉಳೀತಾಳೆ. ಬೆಳಗ್ಗೆ ಒಂಥರಾ ಅನ್ನಿಸುತ್ತೆ, ಸಾಯಂಕಾಲ ಇನ್ನೊಂಥರಾ. ಏನು ಬೇಡ್ಕೊಳ್ಳೋದು ಅಂತಾನೇ ಗೊತ್ತಾಗ್ತಿಲ್ಲ."

ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷ. ಒಂದೊಂದು ಬಾಟಲಿಯ ನೀರಿಗೆ ಔಷಧ ಬೆರೆಸಿದ ಮೂವತ್ತು ಗಾಜಿನ ಕೊಳವೆಗಳು ಬಿಳಿ ಕಾಗದದ ಮುಂದೆ ಸಾಲಾಗಿ ನಿಂತಿವೆ. ಕಾಲು ಗಂಟೆ ಕಾಯಬೇಕು. ಮೇಡಂ ಉಗುರು ಕಚ್ಚುತ್ತಾರೆ. ನಾನು ಗಡಿಯಾರ ನೋಡುತ್ತೇನೆ. ಪುಡಿಯಿಲ್ಲದ ಹತ್ತೂ ತಿಳಿಯಾಗಿಯೇ ಇವೆ. ಪುಡಿಯ ಇಪ್ಪತ್ತರಲ್ಲಿ ಹದಿನೇಳು ತಿಳಿ. ಮೂರು ಮಾತ್ರ ಮೆಲ್ಲಗೆ ತೆಳುನೀಲಿಗೆ ತಿರುಗುತ್ತವೆ. ಅವು ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. "ಕೊನೇವು. ಕೈ ಸೋತಿತ್ತು, ಸರಿಯಾಗಿ ಜಾಲಿಸಿಲ್ಲ" ಎಂದು ಬಾಟಲಕ್ಕ ಅಲ್ಲೇ ಕುರ್ಚಿಗೆ ಒರಗುತ್ತಾರೆ.

ಹಾಗಾದರೆ ಉಬ್ಬು ಯಾರದು? ಮೇಡಂ ಲೆಕ್ಕ ಹಾಕುತ್ತಾರೆ, ಹೊಡೆದುಹಾಕುತ್ತಾರೆ, ಮತ್ತೆ ಹಾಕುತ್ತಾರೆ. ಆ ನಾಲ್ಕು ವರ್ಷದಲ್ಲಿ ಎಷ್ಟು ದಿನ ಕೈ ಸೋತಿತ್ತು, ಆ ದಿನದ ಬಾಟಲಿಗಳಲ್ಲಿ ಎಷ್ಟು ಕೆರೆಗೆ ಹೋದವು, ಇದನ್ನು ಯಾರು ಹೇಳಬೇಕು? "ಉಬ್ಬಿನಲ್ಲಿ ಒಂದು ಪಾಲು ಅಕ್ಕನ ಪುಡಿಯದ್ದು ಇರಬಹುದು. ದೊಡ್ಡ ಪಾಲೋ ಚಿಕ್ಕದೋ ಹೇಳೋಕೆ ನನ್ನಿಂದ ಆಗಲ್ಲ" ಎಂದು ಮೇಡಂ ಪೆನ್ನು ಮುಚ್ಚುತ್ತಾರೆ. ನನಗೆ ನಿಜವಾಗಿ ಸಂಕಟವಾಯಿತು. ಏನಾದರೂ ಒಂದು ಆಗಿಬಿಡಬಾರದಿತ್ತೇ.

ಸಂಜೆ ಐದೂವರೆಗೆ ಬಾಟಲಕ್ಕ ನನ್ನನ್ನೂ ಮನೆಗೆ ಕರೆದೊಯ್ಯುತ್ತಾರೆ. ಒಬ್ಬರೇ ಹೋದರೆ ಇವತ್ತೂ ಮಾತು ಹೊರಡುವುದಿಲ್ಲ ಎಂಬ ಭಯ. ಓರಗಿತ್ತಿ ಆಗಷ್ಟೇ ಬಸ್ಸಿಳಿದು ಬಂದು ನಲ್ಲಿಯ ಹತ್ತಿರ ಕಾಲು ತೊಳೆಯುತ್ತಿದ್ದಾರೆ. ಬಾಟಲಕ್ಕ ನಿಂತಲ್ಲೇ ಎಲ್ಲವನ್ನೂ ಹೇಳುತ್ತಾರೆ. ಪುಡಿ, ನಾಲ್ಕು ವರ್ಷ, ಇವತ್ತಿನ ಮೂರು ನೀಲಿ. ಓರಗಿತ್ತಿ ನಲ್ಲಿ ನಿಲ್ಲಿಸುತ್ತಾರೆ. ಗೋಡೆ ಹಿಡಿದು ಕೆಮ್ಮುತ್ತಾರೆ.

"ಐದು ವಾರ ನನ್ನ ಮುಖ ನೋಡ್ಕೊಂಡೇ ಓಡಾಡ್ದೆಯಲ್ಲೇ."

"ಹೆದರಿಕೆ ಆಯ್ತಕ್ಕ."

"ಕೆರೆ ನಾವೂ ಕೆಡಿಸಿರಬಹುದು ಕಣೇ. ದಿನಾ ಗಂಟುಗಟ್ಲೆ ಬಟ್ಟೆ ಒಗೀತಿದ್ವಿ. ಈಗ ಹೇಳು, ನಿಮ್ಮ ಲೆಕ್ಕದ ಪ್ರಕಾರ ನಮ್ಮದೆಷ್ಟು?"

"ಗೊತ್ತಿಲ್ಲ ಅಕ್ಕ. ಮೇಡಂಗೂ ಗೊತ್ತಿಲ್ಲ."

"ಹಾಗಿದ್ರೆ ಗೊತ್ತಿಲ್ಲ ಅಂತಾನೇ ಬರೆದುಕೊಡು. ಗೊತ್ತು ಅಂದವರು ನಮ್ಮ ಕಟ್ಟೆ ಮುಚ್ಚಿ ಹೋದ್ರು." ಓರಗಿತ್ತಿ ಮತ್ತೆ ನಲ್ಲಿ ತಿರುಗಿಸುತ್ತಾರೆ. ಕೊಡ ತುಂಬಿದ ಮೇಲೆ ಅದನ್ನು ಎತ್ತಿಕೊಡಲು ಬಾಟಲಕ್ಕನನ್ನೇ ಕರೆಯುತ್ತಾರೆ.

ಹೊರಡುವಾಗ ಫೋಟೊ ತೆಗೆಯಲೇ ಎಂದು ಕೇಳಿದೆ. ಬಾಟಲಕ್ಕ ಬಿರಿದ ಬೆರಳುಗಳನ್ನು ಹಿಂದಕ್ಕೆ ಕಟ್ಟಿಕೊಂಡರು.

"ನನ್ನ ಫೋಟೊ ಬೇಡ. ಕಾರಿಡಾರಿನ ಆ ಉಬ್ಬಿನ ಚಿತ್ರ ಹಾಕಿ, ಮೇಲೊಂದು ಪ್ರಶ್ನೆ ಚಿಹ್ನೆ ಹಾಕಿ, ಕೆಳಗೆ ಬಾಟಲಿ ತೊಳೆದವಳು ನಾನು ಅಂತ ಬರೀರಿ. ಬೋರ್ಡು ನೆಟ್ಟವರೂ ಭಾನುವಾರ ಪೇಪರ್ ಓದ್ತಾರಲ್ಲ."