ಕಾಗೆ ಮುಟ್ಟಿದ ಸುದ್ದಿ

ಹಮ್ಮಿಗಿಯ ಹೊಳೆಯಪ್ಪ ಸತ್ತ ಸುದ್ದಿ ಅವನ ತಂಗಿ ಗದಿಗೆವ್ವನಿಗೆ ಎರಡು ಸಲ ಬಂತು. ಮೊದಲನೆಯದು ಸುಳ್ಳು. ಅವಳ ಮನೆ ಕಳೆದದ್ದು ಆ ಸುಳ್ಳೇ.

ಗದಿಗೆವ್ವ ಬೆಟಗೇರಿಯ ನೇಕಾರರ ಓಣಿಯಲ್ಲಿ ಖಾನಾವಳಿ ನಡೆಸುತ್ತಿದ್ದ ವಿಧವೆ. ಬಾಡಿಗೆ ಮನೆ, ಮುಂದೆ ಪಡಸಾಲೆಯಲ್ಲಿ ಊಟ, ಹಿಂದೆ ಒಲೆ, ಒಲೆಯ ಪಕ್ಕದಲ್ಲೇ ಅವಳ ಹಾಸಿಗೆ. ಬಾಯಿ ಜೋರು, ಕೈ ಧಾರಾಳ. ರೊಟ್ಟಿ ಬಡಿಯುತ್ತ ಉಣ್ಣುವವರನ್ನು ಬೈಯುತ್ತಿದ್ದಳು, ಬೈಯುತ್ತಲೇ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು. ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾಗಿತ್ತು. ಹತ್ತಿ ವ್ಯಾಪಾರ ಕುದುರಿದ್ದ ಮಾಲೀಕ ಸಕ್ರಪ್ಪನಿಗೆ ಆ ಮನೆ ಗೋದಾಮಿಗೆ ಬೇಕಾಯಿತು. ಕೇಸು ಹಾಕಿದ, ಗೆದ್ದ. ಕಾಯದೆ ಅವನ ಕಡೆಗಿತ್ತು, ನಿಯತ್ತು ಮಾತ್ರ ಇರಲಿಲ್ಲ.

ಗದಿಗೆವ್ವನ ವಕೀಲರು ಒಂದೇ ಮಾತು ಹೇಳಿದ್ದರು: "ಧಾರವಾಡಕ್ಕ ಅಪೀಲು ಹಾಕೇನಿ. ತಡೆ ಬರೂ ತನಕ ಮನಿ ಬಿಟ್ಟು ಹೊರಗ ಕಾಲಿಡಬ್ಯಾಡವ್ವ. ಒಮ್ಮೆ ಅವರ ಕೀಲಿ ಬಿತ್ತಂದ್ರ ನನ್ನ ಕೈಯಾಗೂ ಏನೂ ಇರೂದಿಲ್ಲ."

ಅಂದಿನಿಂದ ಅವಳು ಹೊಸ್ತಿಲು ದಾಟಲಿಲ್ಲ. ನೀರನ್ನೂ ನೆರೆಮನೆಯ ಗುಲಾಬಬಿ ತಂದು ಕೊಡುತ್ತಿದ್ದಳು. ಮನೆ ಬಿಡಿಸಲು ಕೋರ್ಟಿನ ಬೇಲೀಫ ಬಂದಾಗಲೆಲ್ಲ ಬಾಗಿಲಿಗೆ ಅಡ್ಡ ಕೂತು, "ಹೆಣ್ಣುಮಗಳ ರಟ್ಟಿ ಹಿಡದು ಎಳೀತೀರೇನ್ರಿ? ಎಳೀರಿ ನೋಡೋಣು" ಎನ್ನುತ್ತಿದ್ದಳು. ಪಾಪ, ಅವನು ಬಂದ ದಾರಿಗೆ ಸುಂಕವಿಲ್ಲದೆ ವಾಪಸಾಗುತ್ತಿದ್ದ.

ಒಂದು ಮುಂಜಾನೆ ಹಮ್ಮಿಗಿಯಿಂದ ತಿರಕಪ್ಪ ಬಂದ. ಆ ಊರಿನ ಸಾವಿನ ಸುದ್ದಿ ಮುಟ್ಟಿಸುವವನು ಅವನೇ. ಕೂರಲಿಲ್ಲ, ನೀರು ಕೇಳಲಿಲ್ಲ. ನೆಲ ನೋಡುತ್ತ, "ಯವ್ವಾ, ನಿಮ್ಮಣ್ಣ ಹೋಗಿಬಿಟ್ಟ. ಮಣ್ಣಿಗೆ ಬಾ" ಎಂದ.

ಇಂಥ ಸುದ್ದಿಗೆ ಯಾರಾದರೂ ಸಾಕ್ಷಿ ಕೇಳುತ್ತಾರೆಯೇ? ಅವ್ವ ಸತ್ತ ಮೇಲೆ ಅವಳನ್ನು ಎತ್ತಿ ಆಡಿಸಿ ಬೆಳೆಸಿದ ಅಣ್ಣ. ಗದಿಗೆವ್ವ ಹಿಟ್ಟಿನ ಕೈಯಲ್ಲೇ ಎದೆ ಬಡಿದುಕೊಂಡು ಎದ್ದಳು. ಮುಂಡರಗಿಯ ಬಸ್ಸಿನಲ್ಲಿ ಅತ್ತಳು, ಅಲ್ಲಿಂದ ನಡೆಯುತ್ತ ಅತ್ತಳು. ಹಮ್ಮಿಗಿಯ ಅಗಸೆ ಮುಟ್ಟುವ ಹೊತ್ತಿಗೆ ಗಂಟಲಲ್ಲಿ ದನಿ ಉಳಿದಿರಲಿಲ್ಲ.

ಹೊಳೆಯಪ್ಪ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದ.

"ಕಾಗಿ ತಲಿಗೆ ಬಡೀತವ್ವ" ಎಂದ, ಅವಳ ಮುಖ ನೋಡದೆ.

ಕಾಗೆ ತಲೆಗೆ ಬಡಿದರೆ ಸಾವು ಹತ್ತಿರವೆಂದು ನಂಬಿಕೆ. ಆಗ ರಕ್ತಸಂಬಂಧಿಗಳಿಗೆ ಸತ್ತನೆಂದೇ ಸುಳ್ಳು ಸುದ್ದಿ ಕಳಿಸುತ್ತಾರೆ. ಅವರು ಮನಸಾರೆ ಅತ್ತರೆ ಗಂಡಾಂತರ ಕಳೆಯುತ್ತದೆ. ಹಿರಿಯರು ಮಾಡಿಟ್ಟ ಪದ್ಧತಿ. ಗದಿಗೆವ್ವನಿಗೆ ಸಿಟ್ಟೇ ಬರಲಿಲ್ಲ. ಅಣ್ಣನ ಗಲ್ಲ ಸವರಿ ನೆಟಿಗೆ ಮುರಿದು, "ನನ್ನ ಆಯುಷ್ಯನೂ ನಿನಗ ಬರಲಿ" ಎಂದಳು. ಆ ರಾತ್ರಿ ಹೊಟ್ಟೆ ತುಂಬ ಉಂಡು ಅಲ್ಲೇ ಮಲಗಿದಳು.

ಮರುದಿನ ಬೆಟಗೇರಿಗೆ ಬಂದರೆ ಬಾಗಿಲಿಗೆ ಸಕ್ರಪ್ಪನ ಕೀಲಿ. ಹಂಚು, ಪರಾತ, ಹಾಸಿಗೆ ಎಲ್ಲ ಗುಲಾಬಬಿಯ ಕಟ್ಟೆಯ ಮೇಲೆ. ಮನೆಯಲ್ಲಿ ಯಾರೂ ಇರಲಿಲ್ಲ, ಯಾರೂ ಅಡ್ಡಿ ಮಾಡಲಿಲ್ಲ ಎಂದು ಬೇಲೀಫ ಬರೆದುಕೊಂಡು ಹೋಗಿದ್ದ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ವಾರದೊಳಗೆ ಸಕ್ರಪ್ಪನ ಅಂಗಡಿಯಲ್ಲಿ ಹತ್ತಿ ತೂಗಲು ಹೊಸಬನೊಬ್ಬ ಬಂದು ಕೂತ. ಹೊಳೆಯಪ್ಪನ ಹಿರಿಯ ಮಗ. ಗದಿಗೆವ್ವ ರಸ್ತೆಯ ಆಚೆ ನಿಂತು ಬಹಳ ಹೊತ್ತು ಅವನನ್ನು ನೋಡಿದಳು. ಕಾಗೆ ಯಾರ ತಲೆಗೂ ಬಡಿದಿರಲಿಲ್ಲ. ಮಗನ ನೌಕರಿಗಾಗಿ ಅಣ್ಣ ತಂಗಿಯ ಮನೆ ಬಿಡಿಸಿ ಕೊಟ್ಟಿದ್ದ. ಒಡಹುಟ್ಟಿದವನೇ ಹೀಗೆ ಮಾಡಿದ ಮೇಲೆ ಸಕ್ರಪ್ಪನನ್ನು ಬೈದು ಏನು ಬಂತು?

ಆಮೇಲೆ ಅವಳು ಬಸ್‌ ಸ್ಟ್ಯಾಂಡಿನ ಗೋಡೆಗೆ ಗೋಣಿತಟ್ಟಿನ ನೆರಳು ಕಟ್ಟಿಕೊಂಡು ಮಿರ್ಚಿ ಕರಿಯತೊಡಗಿದಳು. ರಾತ್ರಿ ಅದರಡಿಯಲ್ಲೇ ಮಲಗುತ್ತಿದ್ದಳು. ಬೈಯುವುದನ್ನು ಬಿಟ್ಟಿದ್ದಳು.

ಕನ್ನಡ ನಾಡು ಒಂದಾಯಿತೆಂದು ಪೇಟೆಯಲ್ಲಿ ಪೇಢೆ ಹಂಚಿದ ವರ್ಷ ತಿರಕಪ್ಪ ಮತ್ತೆ ಬಂದ. ಈ ಸಲ ನೇರ ಅವಳ ಮುಖವನ್ನೇ ನೋಡಿದ. ಕಣ್ಣು ಒದ್ದೆಯಾಗಿದ್ದವು.

"ಯವ್ವಾ, ದೇವರಾಣಿ, ಖರೆ ಐತಿ. ಸಾಯೂಮುಂದ ನಿನ್ನ ಹೆಸರ ಹಿಡದು ಕರದ. ತಪ್ಪಾತು ಅನ್ಬೇಕಿತ್ತಂತ. ಹೆಣ ಕುಂಡ್ರಿಸ್ಯಾರ, ನೀ ಬರೂ ತನಕ ಎತ್ತೂದಿಲ್ಲಂತ."

ಖರೆ ಎಂದು ಗದಿಗೆವ್ವನಿಗೆ ತಿಳಿಯಿತು. ಸುಳ್ಳು ಹೇಳುವಾಗ ಅವನು ಎಲ್ಲಿ ನೋಡುತ್ತಾನೆಂಬುದನ್ನು ಅವಳು ಮರೆತಿರಲಿಲ್ಲ. ಬಾಣಲೆಯ ಮಿರ್ಚಿ ತಿರುವಿ ಹಾಕಿದಳು.

"ಅವಗ ಅಳೂದು ಆಗಿ ಹೋಗೇತಿ ತಿರಕಪ್ಪ. ಒಬ್ಬ ಮನಷ್ಯಾಗ ಎಷ್ಟ ಸಲ ಅಳಬೇಕು? ಹೆಣ ಎತ್ತರಿ ಅಂತ ಹೇಳು."

ಹಮ್ಮಿಗಿಯಲ್ಲಿ ಕತ್ತಲಾಗುವ ತನಕ ಅವಳ ಹಾದಿ ಕಾಯ್ದರು.