ಆಷಾಢದಲ್ಲಿ ಬಂದ ನೋಡುಗರು

ಬಸವನ ಬಾಗೇವಾಡಿಯ ಮುಕ್ತಾಬಾಯಿ ತನ್ನ ಜನ್ಮದಲ್ಲಿ ಒಂದು ಕುಸ್ತಿಯನ್ನೂ ಕಣ್ಣಾರೆ ಕಂಡವಳಲ್ಲ. ಹೆಂಗಸರು ಅಖಾಡದ ಕೆಮ್ಮಣ್ಣು ತುಳಿಯುವುದಿರಲಿ, ಸುತ್ತ ಕುಳಿತ ಮಂದಿಯ ನಡುವೆ ತಲೆ ಹಾಕುವುದೂ ನಮ್ಮ ಕಡೆ ರೂಢಿಯಿಲ್ಲ. ಆದರೂ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಈ ನಾಲ್ಕು ತಾಲೂಕಿನಲ್ಲಿ ಯಾವ ಪೈಲವಾನ ಯಾರನ್ನು ಚಿತ್ ಮಾಡಿದ ಎಂದು ದೂರದೂರಿನಲ್ಲಿದ್ದವರಿಗೆ ತಿಳಿಯಬೇಕಾದರೆ ಅವಳ ವೆಬ್‌ಸೈಟನ್ನೇ ತೆರೆಯಬೇಕಿತ್ತು. ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂಬಂತೆ, ಕುಸ್ತಿ ನೋಡುವ ಗಂಡಸರಿಗೆ ಕೂತು ಬರೆಯುವ ತಾಳ್ಮೆ ಇರಲಿಲ್ಲ. ಬರೆದವಳು ನೋಡದ ಹೆಂಗಸು.

ಅವಳ ತಂದೆ ದಿವಂಗತ ಪಂಢರಿನಾಥ ಮಾಸ್ತರರು ಶಾಲೆಯಲ್ಲಿ ಡ್ರಿಲ್ ಕಲಿಸುತ್ತಿದ್ದವರು. ಕುಸ್ತಿ ಎಂದರೆ ಏಕಾದಶಿಯ ಉಪವಾಸವನ್ನೂ ಮರೆಯುತ್ತಿದ್ದ ವೈಷ್ಣವರು ಅವರೊಬ್ಬರೇ ಇರಬೇಕು. ತಾಯಿ ರಂಗೂಬಾಯಿ ತೀರಿಕೊಂಡಾಗ ತಮ್ಮ ಕೌಸ್ತುಭ ಇನ್ನೂ ತೊಟ್ಟಿಲಲ್ಲಿದ್ದ. ಲಂಗ ತೊಡುವ ವಯಸ್ಸಿನಲ್ಲೇ ಮುಕ್ತಾ ಅವನಿಗೆ ತಾಯಿಯಾದಳು. ಮದುವೆಯ ಮಾತು ಬಂದಾಗಲೆಲ್ಲ "ಇವನದೊಂದು ದಾರಿ ಆಗಲಿ" ಎಂದಳು. ಅವನದೊಂದು ದಾರಿ ಆಗುವ ಹೊತ್ತಿಗೆ ವರಗಳೆಲ್ಲ ತಮ್ಮ ತಮ್ಮ ದಾರಿ ಹಿಡಿದಿದ್ದರು. ಅವಳಿಗೆ ಅದರ ಕೊರಗು ಇತ್ತೋ ಇಲ್ಲವೋ, ಕೇಳುವ ಧೈರ್ಯ ಓಣಿಯಲ್ಲಿ ಯಾರಿಗೂ ಇರಲಿಲ್ಲ.

ಕೌಸ್ತುಭ ಕುಸ್ತಿ ಆಡುವವನಾಗಲಿಲ್ಲ, ಕೂಗುವವನಾದ. ಸಾಂಗಲಿ, ಕೊಲ್ಹಾಪುರದ ಪೈಲವಾನರು ನಮ್ಮ ಕಡೆಯ ಕಣಗಳಿಗೆ ಬರುವುದರಿಂದ ಮೈಕಿನಲ್ಲಿ ಮರಾಠಿ, ಕನ್ನಡ ಎರಡೂ ಹೇಳಬಲ್ಲವನು ಬೇಕಾಗುತ್ತಾನೆ. ಕೌಸ್ತುಭನ ಗಂಟಲು ಅದಕ್ಕೆಂದೇ ಹುಟ್ಟಿತ್ತು. ಮನೆಯಲ್ಲಿ ಬ್ರಾಹ್ಮಣರ ರೂಢಿಯಂತೆ "ಅದ" ಎನ್ನುವವರ ಮಗ ಗರಡಿಮನೆಯಿಂದ "ಐತಿ" ಕಲಿತು ಬಂದಿದ್ದ. ಅಕ್ಕ ಗದರಿಸಿದಷ್ಟೂ ಅವನ ಐತಿ ಗಟ್ಟಿಯಾಯಿತು. ಪ್ರತಿ ಜೋಡಿಯ ಕುಸ್ತಿ ಮುಗಿದ ಕೂಡಲೇ ಅವನು ಮೊಬೈಲಿನಲ್ಲಿ ಸುದ್ದಿ ಹೇಳುವುದು, ಇತ್ತ ಮುಕ್ತಾ ಮನೆಯ ಮುಂದಿನ ಕೋಣೆಯ ತನ್ನ ಸೈಬರ್ ಕೆಫೆಯಲ್ಲಿ ಅದನ್ನು ಟೈಪು ಮಾಡುವುದು. ಆಗ ಕನ್ನಡ ಅಕ್ಷರಗಳು ಬೇರೆಯವರ ಕಂಪ್ಯೂಟರಿನಲ್ಲಿ ಬರೀ ಚೌಕಗಳಾಗಿ ಕಾಣುತ್ತಿದ್ದವು. ಅದಕ್ಕೆ ಬರೆದದ್ದನ್ನೆಲ್ಲ ಫೋಟೋ ಮಾಡಿ ಏರಿಸುತ್ತಿದ್ದಳು. ಒಬ್ಬೊಬ್ಬ ಪೈಲವಾನನಿಗೂ, ಪಟ್ಟು ಕಲಿಸುವ ವಸ್ತಾದನಿಗೂ ಒಂದೊಂದು ಪುಟ. ತಮ್ಮನಿಗೂ ಒಂದು ಪುಟ, ಮೈಕು ಹಿಡಿದು ಬಾಯಿ ತೆರೆದ ಫೋಟೋದ ಸಮೇತ.

ಅವಳಿಗೆ ನಿಜವಾಗಿ ಹುಚ್ಚು ಹಿಡಿಸಿದ್ದು ಕುಸ್ತಿಯಲ್ಲ, ನೋಡುಗರು. ಯಾವ ಪುಟವನ್ನು ಎಷ್ಟು ಮಂದಿ ನೋಡಿದರು, ಎಲ್ಲಿಂದ, ಎಷ್ಟು ಹೊತ್ತು ಎಂಬ ಪಟ್ಟಿ ದಿನವೂ ಪರದೆಯ ಮೇಲೆ ಬರುತ್ತಿತ್ತು. ರೈತ ಗಾಳಿ ನೋಡಿ ಮಳೆ ಹೇಳುವಂತೆ ಅವಳು ಆ ಪಟ್ಟಿ ನೋಡಿ ಹಂಗಾಮು ಹೇಳುತ್ತಿದ್ದಳು. ದೀಪಾವಳಿ ಕಳೆದೊಡನೆ ಲೆಕ್ಕ ಮೈಮುರಿದು ಏಳುತ್ತಿತ್ತು. ನಾಲತವಾಡದಲ್ಲಿ ದೊಡ್ಡ ಜೋಡಿಯ ಕುಸ್ತಿ ನಿಗದಿಯಾದರೆ ವಾರ ಮೊದಲೇ ಪುಣೆ, ಗೋವಾ, ದುಬೈನಲ್ಲಿ ದುಡಿಯುತ್ತಿದ್ದ ನಮ್ಮ ಮಂದಿ ಮುಗಿಬೀಳುತ್ತಿದ್ದರು. ಕುಸ್ತಿಯ ಮರುದಿನ ಮುಂಜಾನೆ, ಕಚೇರಿ ತೆರೆಯುವ ಹೊತ್ತಿಗೆ, ಇನ್ನೂ ಹೆಚ್ಚು. ಪರೀಕ್ಷೆ ಬಂದರೆ ಹುಡುಗರು ಮಾಯ. ಕ್ರಿಕೆಟ್ಟಿನ ವಿಶ್ವಕಪ್ಪು ಶುರುವಾದ ವರ್ಷ ಅವಳ ಅಂಗಳಕ್ಕೆ ನಾಯಿಯೂ ಬರಲಿಲ್ಲ. ನಮ್ಮವರು ಬೇಗ ಸೋತು ಮನೆಗೆ ಬಂದದ್ದೇ ತಡ, ಸಿಟ್ಟಾದ ಮಂದಿಯೆಲ್ಲ ಕುಸ್ತಿಗೆ ವಾಪಸಾದರು. "ಅವ್ರು ಸೋತದ್ದು ನಮಗ ಸುಗ್ಗಿ ಆತು ನೋಡು" ಎಂದು ಅಕ್ಕ ತಮ್ಮ ನಕ್ಕಿದ್ದರು.

ಯುಗಾದಿ ದಾಟಿದರೆ ಲೆಕ್ಕ ಇಳಿಯುತ್ತಿತ್ತು. ಬಿತ್ತನೆ ಶುರುವಾದರೆ ಯಾರೂ ಇಲ್ಲ. ಆಷಾಢದಲ್ಲಂತೂ ಆ ಪಟ್ಟಿ ಬೆಳಿಗ್ಗೆ ಸಾರಿಸಿದ ಅಂಗಳದಷ್ಟು ಚೊಕ್ಕಟ.

ಎರಡು ಸಾವಿರದ ಆರನೆಯ ಇಸವಿಯ ಆಷಾಢದಲ್ಲಿ ಆ ಚೊಕ್ಕಟ ಅಂಗಳದಲ್ಲಿ ಹೆಜ್ಜೆ ಮೂಡಿದವು.

ಮಸೂತಿಯ ಸಿದ್ದರಾಯ ಎಂಬ ಪೈಲವಾನನ ಪುಟ. ಎಳೆಯ ಹುಡುಗ, ಹೇಳಿಕೊಳ್ಳುವಂಥ ಹೆಸರೇನೂ ಮಾಡಿರಲಿಲ್ಲ. ಅವನನ್ನು ಯಾರೋ ದಿನವೂ ಮಧ್ಯಾಹ್ನ ನೋಡತೊಡಗಿದರು. ಇಂದು ಇದ್ದುದಕ್ಕಿಂತ ನಾಳೆ ಹೆಚ್ಚು. ಎಲ್ಲಿಂದ ಎಂಬ ಕಡೆ ಪಟ್ಟಿ ಖಾಲಿ. ಅಭಿಮಾನಿಗಳು ಫೋಟೋ ನೋಡಿ, ಗೆಲುವು ಓದಿ ಹೋಗುತ್ತಾರೆ. ಇವರು ಬಂದವರು ಹೊತ್ತು ಮುಳುಗುವತನಕ ಏಳುತ್ತಿರಲಿಲ್ಲ. ಹುಡುಗನಿಗೆ ಹೆಣ್ಣು ಕೊಡುವವರು ನೋಡುತ್ತಿದ್ದಾರೇನೋ ಎಂದು ಮುಕ್ತಾ ತನ್ನಷ್ಟಕ್ಕೆ ನಕ್ಕಳು. ಆ ವಾರವೇ ಜಿಟಿಜಿಟಿ ಮಳೆಗೆ ನೆನೆದ ಮಣ್ಣಿನ ಗೋಡೆ ಕುಸಿದು, ಎತ್ತು ಬಿಚ್ಚಲು ಹೋದ ಸಿದ್ದರಾಯ ಅದರಡಿ ಸತ್ತ. ಅವತ್ತಿನಿಂದ ಆ ಪುಟಕ್ಕೆ ಒಬ್ಬರೂ ಬರಲಿಲ್ಲ.

ಮರುವರ್ಷ ಅದೇ ಆಷಾಢ. ಈ ಸಲ ಸಿಂದಗಿಯ ಗುರುಲಿಂಗಪ್ಪ ವಸ್ತಾದರ ಪುಟ. ಅದೇ ಮಧ್ಯಾಹ್ನ, ಅದೇ ಖಾಲಿ ಊರು, ಅದೇ ಎದ್ದುಹೋಗದ ನೋಡುಗರು. ಮುಕ್ತಾ ಕೂಡಲೇ ಅವರಿಗೆ ಫೋನು ಹಚ್ಚಿದಳು.

"ವಸ್ತಾದ್ರ, ಆರಾಮ ಇದ್ದೀರೇನ್ರಿ?"

"ಗುಂಡಕಲ್ಲ ಇದ್ದಂಗ ಇದ್ದೇನ್ರಿ ಬಾಯಾರ. ಯಾಕ್ರಿ?"

"ಏನಿಲ್ರಿ. ನಿಮ್ಮ ಪುಟಾ ಭಾಳ ಮಂದಿ ನೋಡ್ಲಿಕ್ಕತ್ತಾರ."

"ಹಂಗಿದ್ರ ಚಲೋನ ಆತಲ್ರಿ! ಮುದಕ ಆದ ಮ್ಯಾಲೆ ಹೆಸರು ಬಂತು ನೋಡ್ರಿ" ಎಂದು ಅವರು ಗಹಗಹಿಸಿ ನಕ್ಕರು.

ಅವಳು ಆ ಪುಟವನ್ನೇ ಅಳಿಸಿಹಾಕಿದಳು. ಮರುದಿನ ಪಟ್ಟಿ ತೆರೆದರೆ, ಇಲ್ಲದ ಪುಟದ ವಿಳಾಸಕ್ಕೇ ಅವರು ಬಂದಿದ್ದರು. ಬೋಳು ಪರದೆಯ ಮುಂದೆ ಹೊತ್ತು ಮುಳುಗುವತನಕ ಕುಳಿತಿದ್ದರು. ಮೂರು ದಿನಕ್ಕೆ ಸುದ್ದಿ ಬಂತು. ಗರಡಿಮನೆಯ ಮುಂದಿನ ಬೇವಿನ ಗಿಡದ ಕೆಳಗೆ ಚಹಾ ಕುಡಿದು ಕುಳಿತ ವಸ್ತಾದರು ಕುಳಿತಂತೆಯೇ ಹೋಗಿದ್ದರು.

ಇದನ್ನೆಲ್ಲ ಹೇಳಿದಾಗ ಕೌಸ್ತುಭ ಹೊಟ್ಟೆ ಹಿಡಿದುಕೊಂಡು ನಕ್ಕ. "ಯಮ ಈಗ ಇಂಟರ್ನೆಟ್ ಹಾಕಿಸ್ಯಾನೇನಕ್ಕಾ? ಅವಂಗೂ ತಾಸಿನ ಲೆಕ್ಕಾ ಹಚ್ಚಿ ರೊಕ್ಕಾ ತಗೋ" ಎಂದ. ನಗುವವನ ಮುಂದೆ ಹೆದರಿಕೆ ಹೇಳಿ ಏನು ಬಂತು? ಮುಕ್ತಾ ಮತ್ತೆ ಆ ಮಾತೆತ್ತಲಿಲ್ಲ. ವೆಬ್‌ಸೈಟ್ ಮುಚ್ಚಿಬಿಡುವ ಮನಸ್ಸಾಯಿತು. ಆದರೆ ಬೋಳು ಪರದೆಯ ಮುಂದೂ ಬಂದು ಕೂರುವವರಿಗೆ ಬಾಗಿಲು ಹಾಕಿ ಆಗುವುದೇನು ಎನ್ನಿಸಿ ಸುಮ್ಮನಾದಳು. ದೀಪಾವಳಿ ಬಂತು, ಲೆಕ್ಕ ಏರಿತು, ಯುಗಾದಿಗೆ ಇಳಿಯಿತು.

ಮೂರನೆಯ ಆಷಾಢ. ಮಧ್ಯಾಹ್ನ ಊರಿನ ಕರೆಂಟು ಹೋಗಿ ಕೆಫೆಯಲ್ಲಿ ಅವಳೊಬ್ಬಳೇ ಇದ್ದಳು. ಬ್ಯಾಟರಿಯ ಮೇಲೆ ಒಂದೇ ಪರದೆ ಉರಿಯುತ್ತಿತ್ತು. ಪಟ್ಟಿಯಲ್ಲಿ ಒಂದೇ ಸಾಲು. ಕೌಸ್ತುಭ ಪಂಢರಿನಾಥ.

ಅವಳು ಕೂಗಲಿಲ್ಲ. ಕೂಗಿದರೆ ಅದು ಖರೆಯಾಗುತ್ತದೆ ಎಂಬಂತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಒಳಮನೆಯಲ್ಲಿ ತಮ್ಮ ಸೆಲ್ ಹಾಕಿದ ರೇಡಿಯೋದ ಹಾಡಿಗೆ ಶಿಳ್ಳೆ ಹಾಕುತ್ತಿದ್ದ. ಅವನ ಮೈಗೆ ಯಾವ ಜಡ್ಡೂ ಇರಲಿಲ್ಲ. ತೊಟ್ಟಿಲಲ್ಲಿದ್ದವನನ್ನು ಎತ್ತಿ ಆಡಿಸಿದ ಕೈ ಅವಳದು. ಈಗ ಯಾರೋ ಊರಿಲ್ಲದವರು ಅವನ ಬಾಯಿ ತೆರೆದ ಫೋಟೋ ಮುಂದೆ ಹೊತ್ತುಗಟ್ಟಲೆ ಕುಳಿತಿದ್ದರು. ಅಳಿಸಿ ಪ್ರಯೋಜನವಿಲ್ಲ, ಹೇಳಿ ಪ್ರಯೋಜನವಿಲ್ಲ. ಎರಡು ದಿನ ಅವಳು ಪಟ್ಟಿಯ ಮುಂದಿನಿಂದ ಏಳಲಿಲ್ಲ.

ಮೂರನೆಯ ದಿನ ಊಟಕ್ಕೆ ಕುಳಿತ ಕೌಸ್ತುಭ ಹಿಂದಿನ ವರ್ಷದ ಇಂಡಿಯ ಕುಸ್ತಿಯ ಮಾತು ತೆಗೆದ. ಅನಿಲ ಎಂಬ ಪೈಲವಾನನಿಗೆ ಅವತ್ತು ಕೆಂಡದಂಥ ಜ್ವರವಂತೆ.

"ನಾ ಮೈಕಿನ್ಯಾಗ ಅವನ ಹೆಸರ ಕೂಗೇ ಬಿಟ್ಟೇನಿ. ಕೂಗಿದ ಮ್ಯಾಲೆ ಅಖಾಡಾ ಖಾಲಿ ಬಿಡಾಂಗಿಲ್ಲ. ಅವರಣ್ಣ ಸಂಗಮೇಶ ಅಂಗಿ ಕಳದ, ಮಣ್ಣ ಹಣಿಗೆ ಹಚಗೊಂಡ, ಬಂದೇ ಬಿಟ್ಟ. ಕುಸ್ತಿ ಬರೂದಿಲ್ಲ ಅವಂಗ! ಬೆನ್ನ ಮಣ್ಣಿಗೆ ಹಚ್ಚಿ ಸೋತು ಮಲಗಿದ. ಆದ್ರೇನಕ್ಕಾ, ಹೆಸರಿಗೆ ಮನಿಯವರೊಬ್ರು ಓಗೊಟ್ರಲ್ಲ, ಮುಗೀತು. ಅನಿಲನ್ನ ಯಾರೂ ಮತ್ತ ಕೂಗಲಿಲ್ಲ."

"ಮನಿಯವ್ರು ಯಾರು ಬಂದ್ರೂ ನಡೀತದೇನೋ?"

"ರಕ್ತಸಂಬಂಧ ಇದ್ರ ಸಾಕು."

"ಹೆಂಗಸ್ರು?"

ಕೌಸ್ತುಭ ತುತ್ತು ಕೈಯಲ್ಲೇ ಹಿಡಿದು ನಕ್ಕ. "ಯಾಕ, ನೀ ಇಳಿತಿಯೇನು?"

ಅವಳು ಇಳಿದಳು. ಆ ಮಧ್ಯಾಹ್ನವೇ ತಮ್ಮನ ಫೋಟೋ ತೆಗೆದು ಅದೇ ವಿಳಾಸದಲ್ಲಿ ತನ್ನ ಫೋಟೋ ಇಟ್ಟಳು. ಕೆಳಗೆ ಮುಕ್ತಾ ಪಂಢರಿನಾಥ, ಬಸವನ ಬಾಗೇವಾಡಿ ಎಂದು ಬರೆದಳು. ಎಂಥ ಹುಚ್ಚು ಹೆಂಗಸು ಎಂದು ನೀವು ನಗಬಹುದು. ಅವಳ ಜಾಗದಲ್ಲಿ ನಿಂತು ನೋಡಿ, ಆಮೇಲೆ ನಗಿ.

ಒಂದು ದಿನ ಯಾರೂ ಬರಲಿಲ್ಲ. ಮರುದಿನ ಬಂದರು. ಬಂದು ಕುಳಿತರು. ಅವಳಿಗೆ ಅದು ಪಟ್ಟಿ ನೋಡದೆಯೂ ತಿಳಿಯತೊಡಗಿತು. ಮಧ್ಯಾಹ್ನವಾಗುತ್ತಿದ್ದಂತೆ ಹೆಗಲ ಹಿಂದೆ ಯಾರೋ ನಿಂತಂತೆ ಕತ್ತು ತಣ್ಣಗಾಗುತ್ತಿತ್ತು. ಮುಚ್ಚಿದ ಕೋಣೆಯಲ್ಲಿ ಎಣ್ಣೆ, ಮಜ್ಜಿಗೆ, ಅರಿಶಿನ ಕಲಸಿದ ಕೆಮ್ಮಣ್ಣಿನ ವಾಸನೆ ಏಳುತ್ತಿತ್ತು. ತಮ್ಮನ ಅಂಗಿಗಳನ್ನು ಒಗೆದು ಒಗೆದು ಆ ವಾಸನೆ ಅವಳಿಗೆ ಗೊತ್ತಿತ್ತು. ಹೆದರಿಕೆಯೇನೋ ಆಯಿತು. ಅದಕ್ಕಿಂತ ದೊಡ್ಡದಾದ ಒಂದು ಸಮಾಧಾನವೂ ಆಯಿತು, ಅವನನ್ನು ಬಿಟ್ಟರಲ್ಲ ಎಂದು.

ಹೋಗುವವಳು ಮನೆ ಚೊಕ್ಕ ಮಾಡಿ ಹೋಗಬೇಕಲ್ಲ. ಪಾತ್ರೆ ಪಗಡ ತಿಕ್ಕಿಟ್ಟಳು. ತನ್ನ ಎರಡು ರೇಷ್ಮೆ ಸೀರೆಗಳನ್ನು ಮುಂದೆ ಬರುವ ತಮ್ಮನ ಹೆಂಡತಿಗೆಂದು ಮಡಿಚಿಟ್ಟಳು. ವೆಬ್‌ಸೈಟಿನ ಚಿಂತೆ ಉಳಿಯಿತು. ಮುಂದಿನ ದೀಪಾವಳಿಗೆ ಮಂದಿ ಬಂದಾಗ ಬರೆಯುವವರು ಬೇಕಲ್ಲ? ಒಂದು ಸಂಜೆ ತಮ್ಮನನ್ನು ಕೂರಿಸಿಕೊಂಡು, "ನನಗ ಕಣ್ಣು ಸೋತಾವ, ಇನ್ನ ನೀನೇ ಕಲಿ" ಎಂದು ಪಾಸ್‌ವರ್ಡ್ ಹೇಳಿದಳು, ಫೋಟೋ ಏರಿಸುವುದು ಕಲಿಸಿದಳು. ತನ್ನ ಫೋಟೋ ಇಟ್ಟ ಅವನ ಪುಟವನ್ನು ಮಾತ್ರ ತೆರೆಯಲಿಲ್ಲ. ಅಷ್ಟು ವರ್ಷ ನೋಡುಗರ ಬುದ್ಧಿಯನ್ನು ಓದಿದವಳಿಗೆ ಒಂದು ಮಾತು ಹೊಳೆಯದೆ ಹೋಯಿತು. ಹೊಸದಾಗಿ ಬೀಗದ ಕೈ ಸಿಕ್ಕವನು ಮೊದಲು ತೆರೆದು ನೋಡುವುದು ತನ್ನ ಕೋಣೆಯನ್ನೇ.

ಆಷಾಢ ಮುಗಿಯುವ ಅಮಾವಾಸ್ಯೆಯ ದಿನ ಮತ್ತೆ ಕರೆಂಟು ಹೋಗಿತ್ತು. ಬ್ಯಾಟರಿಯ ಮೇಲೆ ಪಟ್ಟಿ ತೆರೆದಾಗ ನೋಡುಗರು ಎಂದೂ ಇಲ್ಲದಷ್ಟಿದ್ದರು. ಇವತ್ತೇ ಎಂದುಕೊಂಡಳು. ಕಡೆಯದಾಗಿ ತನ್ನ ಮುಖ ನೋಡಿಕೊಳ್ಳೋಣವೆಂದು ಪುಟ ತೆರೆದಳು.

ಅಲ್ಲಿ ಮೈಕು ಹಿಡಿದು ಬಾಯಿ ತೆರೆದು ತಮ್ಮ ನಿಂತಿದ್ದ.

ಒಳಗೆ ಓಡಿದಳು. ಕೌಸ್ತುಭ ಕೈಕಾಲು ತೊಳೆದು ಮಣೆಯ ಮೇಲೆ ಕುಳಿತಿದ್ದ. ಅವಳ ಮುಖ ನೋಡಿಯೇ ಅವನಿಗೆ ತಿಳಿಯಿತು.

"ಏನು ಮಾಡಿದ್ಯೋ! ಯಾವಾಗ ಮಾಡಿದಿ?"

"ಮೊನ್ನೆ. ನಿನ್ನ ಫೋಟೋ ನೋಡಿದ ಕೂಡಲೇ. ಕೂಗಿದ್ದು ನನ್ನ ಹೆಸರಕ್ಕಾ. ನಾ ಇನ್ನೂ ಮನ್ಯಾಗ ಅದೇನಿ. ನಾ ಇದ್ದಾಗ ನೀ ಹೆಂಗ ಇಳಿತಿ?"

"ನೀ ಇದನ್ನ ನಂಬೂದಿಲ್ಲಲ್ಲೋ. ನಕ್ಕಿದ್ದಿ."

"ಈಗೂ ನಂಬೂದಿಲ್ಲ. ಸುಳ್ಳಾದ್ರ ನನಗೇನೂ ಆಗೂದಿಲ್ಲ. ಖರೇ ಆದ್ರ ನೀ ಯಾಕ ಹೋಗಬೇಕು?" ಅವನು ಎಂದಿನಂತೆ ನಗಲಿಲ್ಲ. "ಬಡಸು, ಹಸಿವಿ ಆಗೇತಿ. ಪಾಸ್‌ವರ್ಡ್ ಬದಲಿ ಮಾಡೇನಿ. ಎಷ್ಟ ಅತ್ರೂ ಹೇಳೂದಿಲ್ಲ."

ಅವಳು ಅತ್ತಳು. ಬೈದಳು. ಕಾಲು ಹಿಡಿಯಲು ಹೋದಾಗ ಅವನು ಕಾಲನ್ನು ಎಳೆದುಕೊಂಡ. ಕಡೆಗೆ ಬಡಿಸಿದಳು. ಅವನು ರೊಟ್ಟಿ, ಪುಂಡಿಪಲ್ಯ ಉಂಡ. ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡ. ಅವಳು ಎದುರಿಗೆ ಕುಳಿತು ಅವನ ಒಂದೊಂದು ತುತ್ತನ್ನೂ ನೋಡಿದಳು. ಕಣ್ಣು ತೆಗೆದರೆ ಕೆಟ್ಟಿತು ಎಂಬಂತೆ ನೋಡಿದಳು. ಕೈ ತೊಳೆದು ಬಂದವನು ಕಂಬಕ್ಕೆ ಒರಗಿ, "ಹೊಟ್ಟಿ ತುಂಬಿತಕ್ಕಾ" ಎಂದು ಕಣ್ಣು ಮುಚ್ಚಿದ. ಉಸಿರು ಏರುವುದು ಇಳಿಯುವುದು ಅವಳಿಗೆ ಕಾಣುತ್ತಿತ್ತು. ಮುಂದಿನ ಕೋಣೆಯಲ್ಲಿ ಬ್ಯಾಟರಿ ಮುಗಿದು ಪರದೆ ಆರಿದ ಸದ್ದಾಯಿತು. ಅವಳು ಒಂದು ಗಳಿಗೆ ಅತ್ತ ಹೊರಳಿ ಮತ್ತೆ ಇತ್ತ ನೋಡಿದಾಗ ಅವನ ಎದೆ ಆಡುತ್ತಿರಲಿಲ್ಲ.

"ಕೌಸ್ತುಭಾ" ಎಂದು ಕೂಗಿದಳು. ಹೆಗಲು ಅಲುಗಿಸಿ ಮತ್ತೆ ಕೂಗಿದಳು. ನಾಲ್ಕು ತಾಲೂಕು ಕೇಳಿದ ಗಂಟಲಿನಿಂದ ಒಂದು ಸೊಲ್ಲೂ ಬರಲಿಲ್ಲ. ಆಗ ಅವಳು ಎದ್ದು ನಿಂತು, ಸೆರಗು ನಡುವಿಗೆ ಬಿಗಿದು, "ಬಂದೆ" ಎಂದು ತಾನೇ ಓಗೊಟ್ಟಳು. ಓಣಿಯವರು ಸದ್ದು ಕೇಳಿ ಒಳಗೆ ಬಂದಾಗಲೂ ಅವಳು ಅದನ್ನೇ ಮಾಡುತ್ತಿದ್ದಳು. ಒಮ್ಮೆ ಅವನ ಹೆಸರು ಕೂಗುವುದು, ಒಮ್ಮೆ "ಬಂದೆ, ಬಂದೆ" ಎನ್ನುವುದು.