ಗೊಂಬೆಯ ತಲೆಯ ಮೇಲೆ ಅಪ್ಪನ ಹೆಸರು

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಮೊನ್ನೆ ತಮ್ಮ ಅಂಗಡಿಯಲ್ಲಿ ನನ್ನ ಮುಂದೆ ಒಂದು ಪ್ರಿಂಟ್ ಇಟ್ಟರು. ಒಂದು ಮರ. ಅದರ ಕೆಳಗೆ ಹುಡುಗಿಯ ಗೊಂಬೆ, ಪಕ್ಕದಲ್ಲಿ ಹುಡುಗನ ಗೊಂಬೆ. ಹುಡುಗಿ ಗೊಂಬೆಯ ತಲೆಯ ಮೇಲೆ ತೇಲುತ್ತಿದ್ದ ಹೆಸರು: ಶೈಲಾ ಮಹಾರುದ್ರಪ್ಪ ಅಂಗಡಿ.

ಮಹಾರುದ್ರಪ್ಪ ಎಂದರೆ ನನ್ನೆದುರು ಕೂತಿದ್ದವರೇ.

"ಇದು ನಮ್ಮ ಶೈಲಾ ಏನ್ರಿ?" ಎಂದು ಕೇಳಿದರು.

ಏನು ಹೇಳಲಿ? ಹೌದು ಎಂದರೂ ಸುಳ್ಳು, ಅಲ್ಲ ಎಂದರೂ ಸುಳ್ಳು.

ಈ ಗೊಂಬೆಗಳ ವಿಷಯ ಇದೇ ಅಂಕಣದಲ್ಲಿ ಹಿಂದೊಮ್ಮೆ ಬರೆದಿದ್ದೆನೇನೋ. ಬರೆದಿದ್ದರೆ ಬಹಳ ಹುರುಪಿನಿಂದ ಬರೆದಿರುತ್ತೇನೆ. ನಂಬಬೇಡಿ, ಮತ್ತೆ ಹೇಳುತ್ತೇನೆ.

ಇಂಟರ್‌ನೆಟ್ಟಿನಲ್ಲಿ ಒಂದು ಸುಳ್ಳು ಲೋಕವಿದೆ. ಅಲ್ಲಿ ನಿಮ್ಮ ಬದಲು ಒಂದು ಗೊಂಬೆ ಓಡಾಡುತ್ತದೆ. ನೀವು ಕೀ ಒತ್ತಿದರೆ ಅದು ನಡೆಯುತ್ತದೆ, ನೀವು ಟೈಪ್ ಮಾಡಿದ್ದೇ ಅದರ ಮಾತು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಲ್ಲಿ ಭೂಗೋಳ ಓದುವ ಕೆಲವು ಕಾಲೇಜು ಮಕ್ಕಳನ್ನು ಅಲ್ಲಿ ಕೂಡಿಸಿ, ನಾನೂ ನನ್ನ ಉಪನ್ಯಾಸಕ ಗೆಳೆಯರೊಬ್ಬರೂ ತರಗತಿ ನಡೆಸುತ್ತಿದ್ದೇವೆ. ಮಕ್ಕಳು ತಮ್ಮ ತಮ್ಮ ಊರಿನ ಸೈಬರ್ ಕೆಫೆಯಲ್ಲಿ ಕೂರುತ್ತಾರೆ. ಎಲ್ಲರೂ ಸೇರಿ ಆ ಲೋಕದೊಳಗೆ ತುಂಗಭದ್ರೆಯ ದಂಡೆ ಕಟ್ಟಬೇಕು: ಐರಣಿ, ಮೇಡ್ಲೇರಿಯಂಥ ಊರು, ಹೊಲ, ಕಾಲುವೆ. ಕಟ್ಟಿದ್ದರ ಚಿತ್ರಗಳನ್ನು ಇನ್ನೊಂದು ಸೈಟಿನಲ್ಲಿ ಗ್ರೂಪ್ ಮಾಡಿ ಹಾಕಬೇಕು. ಚರ್ಚೆ, ಜಗಳ ಎಲ್ಲ ಅಲ್ಲಿ.

ಶೈಲಾ ಕಾಲುವೆ ಕಟ್ಟಿದಳು. ನೀರು ಏರಿನ ಕಡೆ ಹರಿಯುತ್ತಿದೆ ಎಂದು ಹಾವೇರಿಯ ಹುಡುಗನೊಬ್ಬ ತಕರಾರು ತೆಗೆದ. ಅವಳು ಮೇಡ್ಲೇರಿಯಲ್ಲಿರುವ ಸೋದರತ್ತೆಯ ಹೊಲಕ್ಕೆ ಹೋಗಿ ನೋಡಿ ಬಂದು, ಇಡೀ ಕಾಲುವೆ ಕಿತ್ತು ಮತ್ತೆ ಕಟ್ಟಿದಳು. ಅವನು ಆಮೇಲೂ ಸುಮ್ಮನಾಗದಿದ್ದಾಗ, ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಕನ್ನಡ ಟೈಪ್ ಮಾಡಿದಳು: "ನೀ ಯಾವಾಗರ ಹೊಲದಾಗ ಕಾಲಿಟ್ಟೀಯೇನಪಾ?"

ಕಾಲೇಜಿನಲ್ಲಿ ಈ ಹುಡುಗಿ ಬಾಯಿ ಬಿಟ್ಟದ್ದನ್ನು ಯಾರೂ ಕಂಡಿರಲಿಲ್ಲವಂತೆ.

ನಮ್ಮ ಕಾಲೇಜುಗಳಲ್ಲಿ ಹುಡುಗಿಯರ ಬೆಂಚು ಬೇರೆ, ಹುಡುಗರದು ಬೇರೆ. ಆ ಲೋಕದಲ್ಲಿ ಬೆಂಚೇ ಇಲ್ಲ. ತರಗತಿ ಸೇರುವ ಮರದ ಸುತ್ತ ಖಾಲಿ ಇದ್ದಲ್ಲಿ ಕ್ಲಿಕ್ ಮಾಡಿದರೆ ಗೊಂಬೆ ಕೂರುತ್ತದೆ. ಹೆಸರೂ ಅಷ್ಟೇ, ಏನು ಬೇಕಾದರೂ ಇಟ್ಟುಕೊಳ್ಳಬಹುದು. ಹೊರದೇಶದವರು ಹುಲಿ, ಬಿರುಗಾಳಿ, ಏನೇನೋ ಆಗಿ ಅಲೆಯುತ್ತಾರೆ. ನಮ್ಮ ಮಕ್ಕಳು ಮಾತ್ರ ತಮ್ಮ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಎಲ್ಲವನ್ನೂ ಹಾಕಿಕೊಂಡು ಬಂದರು. ತರಗತಿ ಎಂದಮೇಲೆ ಪೂರ್ತಿ ಹೆಸರಿರಬೇಡವೆ? (ಮಾರ್ಕ್ಸ್ ಕಾರ್ಡಿನಲ್ಲಿ ಹಾಗೇ ಇರುತ್ತದಲ್ಲ.)

ಮರದ ಕೆಳಗಿನ ಚಿತ್ರವನ್ನು ಗ್ರೂಪಿಗೆ ಹಾಕಿದ್ದು ಶೈಲಾಳ ಗೆಳತಿಯೇ. "ನಮ್ಮ ಕ್ಲಾಸು" ಎಂದು ಬರೆದಿದ್ದಳು. ಅದರ ಕೆಳಗೆ ಹೊರಗಿನ ಯಾವನೋ "ಜೋಡಿ ಚಲೋ ಐತಿ" ಎಂದು ಸೇರಿಸಿದ. ಸಾಕಾಯಿತು. ಸುತ್ತ ಕೂತ ಉಳಿದವರನ್ನೆಲ್ಲ ಯಾರೋ ಕತ್ತರಿಸಿ, ಇಬ್ಬರನ್ನೇ ಉಳಿಸಿ ಪ್ರಿಂಟ್ ತೆಗೆದರು. ಅದು ಬ್ಯಾಡಗಿಯ ಪೇಟೆಯಲ್ಲಿ ಕೈಯಿಂದ ಕೈಗೆ ಹೋಗಿ, ಕೊನೆಗೆ ಅಪ್ಪನ ಕೈಗೆ ಬಂತು. ಮರುದಿನದಿಂದ ಶೈಲಾಳ ಕಾಲೇಜು ಬಂದ್.

ನಾನು ಹೋದದ್ದು ಅದಕ್ಕೇ. ಗೊಂಬೆ ಎಂದರೇನು ಎಂದು ತಿಳಿಸಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದೆ.

(ಈ ಭೇಟಿಯನ್ನು ಗೆಳೆಯರಿಗೆ ಹೇಳಿದಾಗಲೆಲ್ಲ ಮಹಾರುದ್ರಪ್ಪನವರು ಇನ್ನಷ್ಟು ಕಟುಕರಾಗುತ್ತಿದ್ದಾರೆ. ಅವರು ಹಾಗಿರಲಿಲ್ಲ. ದನಿ ಏರಿಸಲಿಲ್ಲ. ಚಹಾ ತರಿಸಿದರು. ಕಣ್ಣು ಕೆಂಪಾಗಿದ್ದದ್ದು ನಿಜ, ಅದು ಮೆಣಸಿನ ಘಾಟಿಗೂ ಇರಬಹುದು.)

ನನ್ನ ವಿವರಣೆಯನ್ನೆಲ್ಲ ಕೇಳಿಸಿಕೊಂಡು ಹೇಳಿದರು: "ಗೊಂಬಿ ಅಂತ ನನಗೂ ತಿಳೀತೈತ್ರಿ ಸರ. ಆದ್ರ ಹೆಸರು ಗೊಂಬೀದಲ್ಲ, ನಂದು. ಪ್ಯಾಟ್ಯಾಗ ಮಂದಿ ನನ್ನ ನೋಡಿ ನಗಾಕತ್ತಾರ. ಅವರಿಗೆಲ್ಲ ನೀವು ಹಿಂಗ ಕುಂತು ತಿಳಿಸಿ ಹೇಳ್ತೀರೇನು?"

ಪರೀಕ್ಷೆಗಾದರೂ ಕಳಿಸಿ ಎಂದೆ. ನೋಡೋಣ ಎಂದರು. ನಮ್ಮ ಕಡೆ ಆ ಮಾತಿಗೆ ಏನರ್ಥ ಎಂದು ನಿಮಗೆ ಗೊತ್ತು.

ಅಷ್ಟರಲ್ಲಿ ಶೈಲಾ ಅಂಗಡಿಯ ಹಿಂದಿನ ಮನೆಯೊಳಗಿನಿಂದ ಬಾಗಿಲತನಕ ಬಂದಳು. ಅವಳನ್ನು ನಾನು ಮುಖಾಮುಖಿ ಕಂಡದ್ದು ಅದೇ ಮೊದಲು. ಅಪ್ಪನ ಮುಖ ನೋಡಲಿಲ್ಲ, ನನ್ನದನ್ನೂ ನೋಡಲಿಲ್ಲ.

"ಸರ, ನನ್ನ ಹೆಸರು ಅಳಿಸಿಬಿಡ್ರಿ," ಎಂದಳು. "ಕಾಲುವಿ ಇರ್ಲಿ. ಅದು ಬರೋಬರಿ ಐತಿ."

ಅಳಿಸಿದೆವು. ಕಾಲುವೆ ಇದೆ.

ದೂರದೂರದ ಮಕ್ಕಳು ಕೂಡಿ ಕಲಿಯುವ ಹೊಸ ಕಾಲ ಬಂತು ಎಂದು ಸೆಮಿನಾರುಗಳಲ್ಲಿ ಹೇಳುತ್ತಾರೆ. ಊರನ್ನು ಹೊರಗೆ ಬಿಟ್ಟು ಒಳಗೆ ಹೋಗಬಹುದು ಎಂದು ನಂಬಿದವರಲ್ಲಿ ನಾನೂ ಒಬ್ಬ. ಈಗ ಅನ್ನಿಸುತ್ತದೆ, ಊರು ನಮಗಿಂತ ಮೊದಲೇ ಲಾಗಿನ್ ಆಗಿ ಕೂತಿರುತ್ತದೆ.

ಕಳೆದ ಭಾನುವಾರ ಮತ್ತೆ ತರಗತಿ ಸೇರಿತು. ಯಾರೂ ಹೇಳಿಕೊಟ್ಟಿರಲಿಲ್ಲ, ಆದರೂ ಎಲ್ಲರೂ ಹೆಸರು ಬದಲಿಸಿಕೊಂಡಿದ್ದರು. ಅಪ್ಪಂದಿರಿಲ್ಲ, ಅಡ್ಡಹೆಸರಿಲ್ಲ. ಗೊಂಬೆಗಳೆಲ್ಲ ಪ್ಯಾಂಟು-ಶರ್ಟಿನವು. ಹುಡುಗಿಯ ಹೆಸರು ಒಂದೂ ಇಲ್ಲ.

ಉಳಿದ ಹುಡುಗಿಯರೂ ಬಿಟ್ಟುಹೋದರೋ, ಇಲ್ಲ ಹುಡುಗರಾಗಿ ಬಂದು ಕೂತಿದ್ದಾರೋ? ಕೇಳಬೇಕೆಂದರೆ, ಯಾರ ಹೆಸರು ಹಿಡಿದು ಕೂಗಲಿ?